ವರ್ಷತೊಡಕಿನಲ್ಲಿ ಸಿಲುಕಿದ ಜಿಪಿಎಸ್

ನನ್ನೊಡನೆ ಊರೂರು ಸುತ್ತಿ ವೀರಗಲ್ಲುಗಳನ್ನು ಹುಡುಕಿದ ವಿದ್ಯಾರ್ಥಿಗಳಿಗೆ ನನ್ನ ಅಂಗೈಯಗಲದ ಜಿಪಿಎಸ್ ಉಪಕರಣದ ನೆನಪಿರಬಹುದು. ಕಲ್ಲಿನ ಬಳಿ ನಿಂತು ಅಕ್ಷಾಂಶ, ರೇಖಾಂಶ ಹಾಗೂ ದಿನಾಂಕವನ್ನು ಅದರಲ್ಲಿ ದಾಖಲಿಸುವುದು ನಮ್ಮ ಪದ್ಧತಿಯಾಗಿತ್ತು. ನಿವೃತ್ತಿಯ ನಂತರವೂ ನಾನು ಆ ಕೆಲಸವನ್ನು ಬಿಟ್ಟಿರಲಿಲ್ಲ.

2019ರ ಏಪ್ರಿಲ್ 14, ಭಾನುವಾರ, ಅದನ್ನು ಹೊರತೆಗೆದಾಗ ಪರದೆಯ ಮೇಲೆ 1999ರ ಆಗಸ್ಟ್ 29 ಎಂದಿತ್ತು. ಸೋಜಿಗವೆಂದರೆ ಅದೂ ಭಾನುವಾರವೇ! ನಿಂತ ಸ್ಥಳವನ್ನು ಮಾತ್ರ ಸರಿಯಾಗಿಯೇ ತೋರಿಸುತ್ತಿತ್ತು. ಅಂಗಡಿಯವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಹಳೇ ಮಾಡೆಲ್ ಸಾರ್, ಹೊಸದು ತಗೊಂಡ್ಬಿಡಿ" ಎಂದರು.

ಉಪಕರಣವೇನೂ ಕೆಟ್ಟಿರಲಿಲ್ಲ. ಜಿಪಿಎಸ್ ಉಪಗ್ರಹಗಳು 1980ರ ಜನವರಿ 6ರಿಂದ ವಾರಗಳನ್ನು ಎಣಿಸುತ್ತ ಬಂದಿವೆ. ಆದರೆ ಹಳೆಯ ಸಂಕೇತದಲ್ಲಿ ವಾರದ ಸಂಖ್ಯೆಗೆ ಇರುವುದು ಹತ್ತು ಬಿಟ್‌ಗಳ ಜಾಗ ಮಾತ್ರ. ಎರಡರ ಹತ್ತನೆಯ ಘಾತ 1024 ಎಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ 1023 ತಲುಪಿದ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ ಹೀಗಾಯಿತು. ಎರಡನೆಯ ಬಾರಿ ಆದದ್ದು ನಮ್ಮ ಗಡಿಯಾರದಂತೆ 2019ರ ಏಪ್ರಿಲ್ 7ರ ಬೆಳಗಿನ ಜಾವ. ಹಿಂದಿನ ದಿನ ಯುಗಾದಿ, ಅಂದು ವರ್ಷತೊಡಕು. ಪಾಪ, ಉಪಕರಣಕ್ಕೂ ವರ್ಷವೇ ತೊಡಕಾಯಿತು! ಕಳೆದುಹೋದದ್ದು ಪೂರ್ಣ ವಾರಗಳ ಲೆಕ್ಕವಾದ್ದರಿಂದ ವಾರದ ಹೆಸರು ಮಾತ್ರ ತಪ್ಪಲಿಲ್ಲ.

ಆವರ್ತಿಸುವ ಎಣಿಕೆ ನಮಗೆ ಹೊಸದಲ್ಲ. ಆ ಯುಗಾದಿಗೆ ಬಂದ ವಿಕಾರಿ ಸಂವತ್ಸರ ಅರವತ್ತು ವರ್ಷಗಳ ಹಿಂದೆ, 1959ರಲ್ಲಿಯೂ ಬಂದಿತ್ತು. ಬರಿಯ ಸಂವತ್ಸರದ ಹೆಸರಿನಿಂದ ಕಾಲನಿರ್ಣಯ ಮಾಡುವುದು ಕಷ್ಟ. ನಮ್ಮ ಹಲವು ಶಾಸನಗಳಲ್ಲಿ ಸಂವತ್ಸರದ ಜೊತೆಗೆ ಶಕವರ್ಷವನ್ನೂ ಕೊರೆದಿರುವುದರಿಂದಲೇ ಅದು ಯಾವ ಸುತ್ತಿನ ಸಂವತ್ಸರವೆಂದು ಇಂದು ಹೇಳಬಲ್ಲೆವು. ಎಷ್ಟನೆಯ ಸುತ್ತು ಎಂಬ ಆ ತಿಳಿವಳಿಕೆಯನ್ನು ಜಿಪಿಎಸ್‌ಗೆ ಅದರೊಳಗಿನ ತಂತ್ರಾಂಶವೇ ಕೊಡಬೇಕು.

ನನ್ನ ಅದೃಷ್ಟ, ತಯಾರಕರು ಆ ಮಾದರಿಗೆ ತಿದ್ದಿದ ತಂತ್ರಾಂಶವನ್ನು ಅಂತರಜಾಲದಲ್ಲಿ ಉಳಿಸಿದ್ದರು. ಹಳೆಯ ಶಿಷ್ಯನೊಬ್ಬ ಅದನ್ನು ಹುಡುಕಿ, ಒಂಬತ್ತು ಪಿನ್ನಿನ ಕೇಬಲ್ಲಿಗಾಗಿ ಮನೆಯ ಅಟ್ಟವನ್ನೆಲ್ಲ ಜಾಲಾಡಿ, ಹೊಸ ಬ್ಯಾಟರಿ ಹಾಕಿ ತುಂಬಿಸಿಕೊಟ್ಟ. ಉಪಗ್ರಹಗಳ ಸ್ಥಾನಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕಾದ್ದರಿಂದ ಉಪಕರಣವನ್ನು ಅಂಗಳದ ತುಳಸಿಕಟ್ಟೆಯ ಮೇಲಿಟ್ಟು ಅರ್ಧ ಗಂಟೆ ಕಾದೆವು. ದಿನಾಂಕ ಸರಿಹೋಯಿತು.

ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲವೇ ಆ ಏಪ್ರಿಲ್‌ನಲ್ಲಿ ಕೆಲವು ದಿನ ಸ್ತಬ್ಧವಾಗಿತ್ತು. ಇದು ಸಿಡಿಲಿನಂತೆ ಎರಗಿದ ಆಪತ್ತಲ್ಲ. ಮೊದಲ ದಿನದಿಂದಲೇ ಲೆಕ್ಕಕ್ಕೆ ಸಿಗುತ್ತಿದ್ದ ಸಂಗತಿ. ಮುಂದಿನ ತೊಡಕು 2038ರ ನವೆಂಬರ್ 21ರ ಬೆಳಿಗ್ಗೆ ಎಂದು ನೀವೂ ಕಾಗದದ ಮೇಲೆ ಲೆಕ್ಕಹಾಕಬಹುದು. ಹೊಸ ಸಂಕೇತಗಳಲ್ಲಿ ಹದಿಮೂರು ಬಿಟ್‌ಗಳಿವೆ, ಅಂದರೆ ಸುಮಾರು 157 ವರ್ಷಗಳ ಸುತ್ತು. ಹಳೆಯ ಉಪಕರಣಗಳಿಗೆ ಅದರಿಂದ ಪ್ರಯೋಜನವಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ. ತಪ್ಪುವ ದಿನವನ್ನು ಮೊದಲೇ ಬಲ್ಲವರು ತಿದ್ದುಪಡಿಯನ್ನೂ ಒದಗಿಸಬೇಕು. ಮಾರಾಟ ನಿಂತ ಮಾದರಿಗೂ ಅದನ್ನು ಉಳಿಸಿಡಬೇಕು. ಎಣಿಕೆಯಲ್ಲಿ ಒಂದು ಸುತ್ತು ಮರೆತ ಮಾತ್ರಕ್ಕೆ ಉಪಕರಣ ಕಸವಾಗುವುದಿಲ್ಲ. ಲೆಕ್ಕ ತಪ್ಪಿದ ಹುಡುಗನಿಗೆ ನಾವು ಲೆಕ್ಕ ತಿದ್ದಿಕೊಡುತ್ತಿದ್ದೆವೇ ಹೊರತು ಶಾಲೆ ಬಿಡಿಸುತ್ತಿರಲಿಲ್ಲ.

ನಾನಂತೂ ಅಂದಿನಿಂದ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿಯೂ ಬರೆದಿಡುತ್ತಿದ್ದೇನೆ, ಇಸವಿ ಸಹಿತ.