ಕಾರ್ಖಾನೆ ಹತ್ತಿರ, ಕಾಯಂ ಕೆಲಸ ದೂರ: ಅರ್ಜಿಯ ಜತೆಗೊಂದು ಪತ್ರ

ಕೋಲಾರ: ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಜಿಲ್ಲೆಯ ಯುವಜನರ ಉದ್ಯೋಗದ ದಿಕ್ಕು ಬದಲಾಯಿತು. ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಘಟಕ 2013ರಲ್ಲಿ ಉತ್ಪಾದನೆ ಆರಂಭಿಸಿತು. ವೇಮಗಲ್, ಮಾಲೂರಿನಲ್ಲೂ ಕೈಗಾರಿಕಾ ಪ್ರದೇಶಗಳು ಬೆಳೆದವು. ಆದರೂ ಹೋಳೂರು ಹೋಬಳಿಯಂತಹ ಕೃಷಿ ಪ್ರದೇಶದ ಪದವೀಧರರಿಗೆ ಕಾರ್ಖಾನೆ ಹತ್ತಿರವಾದಷ್ಟು ಕಾಯಂ ಕೆಲಸ ಹತ್ತಿರವಾಗಿಲ್ಲ.

ಕಾರ್ಖಾನೆಗೆ ಎರಡು ಬಾಗಿಲುಗಳಿವೆ. ಒಂದು, ಗುತ್ತಿಗೆದಾರರ ಮೂಲಕ; ಅಲ್ಲಿ ಅಂಕಪಟ್ಟಿ, ಆಧಾರ್ ಪ್ರತಿ ಸಾಕು, ಪತ್ರವನ್ನು ಕೇಳುವವರಿಲ್ಲ. ಈ ಬಾಗಿಲಿನ ಅಪಾಯವೇನೆಂಬುದನ್ನು 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ವೇತನ ವಿವಾದದಿಂದ ಸ್ಫೋಟಿಸಿದ ಹಿಂಸಾಚಾರ ತೋರಿಸಿತು. ಆ ಘಟಕದ ಒಡೆತನ ಬಳಿಕ ಟಾಟಾ ಸಮೂಹಕ್ಕೆ ಹೋಯಿತು. ಇನ್ನೊಂದು, ನೇರ ನೇಮಕಾತಿ. ಲೆಕ್ಕಪತ್ರ, ಗುಣಮಟ್ಟ ಪರೀಕ್ಷೆ, ಉಗ್ರಾಣ, ಮೇಲ್ವಿಚಾರಣೆಯಂತಹ ಹುದ್ದೆಗಳಿಗೆ ಅರ್ಜಿಯೇ ಮೊದಲ ಪರಿಚಯ. ಕವರಿಂಗ್ ಲೆಟರ್‌ಗೆ ಬೆಲೆ ಬರುವುದು ಇಲ್ಲಿ.

ಆದರೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿರುವ ಒಂದೇ ನಮೂನೆ ಹೆಸರು ಮಾತ್ರ ಬದಲಾಗಿ ಹತ್ತಾರು ಮಂದಿಯ ಅರ್ಜಿಗೆ ಅಂಟಿಕೊಳ್ಳುತ್ತದೆ. ‘ಪ್ರಾಮಾಣಿಕ, ಪರಿಶ್ರಮಿ, ಅವಕಾಶ ಕೊಟ್ಟರೆ ಋಣಿ’ ಎಂಬ ಸಾಲುಗಳು ಅಭ್ಯರ್ಥಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಯೋಡೇಟಾದಲ್ಲಿರುವುದನ್ನೇ ಪುನರುಚ್ಚರಿಸುವ ಪತ್ರವೂ ವ್ಯರ್ಥ.

ಪರಿಣಾಮಕಾರಿ ಪತ್ರ ಒಂದು ಪುಟ ದಾಟಬೇಕಿಲ್ಲ. ಮೊದಲ ಭಾಗದಲ್ಲಿ ಯಾವ ಹುದ್ದೆ, ಯಾವ ಪ್ರಕಟಣೆ ಎಂಬುದು ಸ್ಪಷ್ಟವಿರಬೇಕು. ಎರಡನೆಯದರಲ್ಲಿ ಆ ಹುದ್ದೆಗೆ ಬೇಕಾದ ಎರಡು ಅರ್ಹತೆಗಳನ್ನು ನಿದರ್ಶನದೊಂದಿಗೆ ಹೇಳಬೇಕು. ಕೊನೆಯಲ್ಲಿ ಯಾವಾಗ ಸೇರಬಹುದು, ಪಾಳಿಯಲ್ಲಿ ದುಡಿಯಲು ಸಿದ್ಧರೇ ಎಂಬ ಮಾಹಿತಿ, ದೂರವಾಣಿ ಸಂಖ್ಯೆ ಸಾಕು.

ನಿದರ್ಶನಗಳಿಗೆ ಹಳ್ಳಿಯಲ್ಲಿ ಬರವಿಲ್ಲ. ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ದಿನವೂ ಹಾಲಿನ ಪ್ರಮಾಣ, ಕೊಬ್ಬಿನಂಶ ದಾಖಲಿಸಿದ ಬಿ.ಕಾಂ ಪದವೀಧರನಿಗೆ ಲೆಕ್ಕ, ಗುಣಮಟ್ಟ ಎರಡರ ಅನುಭವವೂ ಇದೆ. ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಬಾಕ್ಸ್‌ಗಳ ಆವಕ, ಹರಾಜು ದರ, ರೈತರ ಬಾಕಿ ಬರೆದಿಟ್ಟ ಯುವಕನಿಗೆ ಉಗ್ರಾಣದ ಕೆಲಸ ಹೊಸದಲ್ಲ. ಇದನ್ನು ಮನೆಗೆಲಸವೆಂದು ಮುಚ್ಚಿಡುವುದೇ ದೊಡ್ಡ ತಪ್ಪು.

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಅಳುಕು ಸಹಜ. ಹೇಳಬೇಕಾದುದನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು, ಬಳಿಕ ಚಿಕ್ಕ ವಾಕ್ಯಗಳ ಇಂಗ್ಲಿಷ್‌ಗೆ ತರುವುದು ಒಳಿತು. ಸಂದರ್ಶನದಲ್ಲಿ ವಿವರಿಸಲಾಗದ ಪದವನ್ನು ಪತ್ರದಲ್ಲಿ ಬಳಸಬಾರದು.

ಪತ್ರವೊಂದರಿಂದಲೇ ಎಲ್ಲವೂ ಸರಿಹೋಗದು. ಸ್ಥಳೀಯರಿಗೆ ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿಗೆ ನೀಡಿತಾದರೂ, ಉದ್ಯಮಗಳ ವಿರೋಧದ ನಡುವೆ ದಿನಗಳಲ್ಲೇ ಅದನ್ನು ತಡೆಹಿಡಿಯಲಾಯಿತು. ಕಾಯ್ದೆ ಸರ್ಕಾರದ ಕೈಯಲ್ಲಿದೆ, ನೇಮಕಾತಿ ಕಂಪನಿಯ ಕೈಯಲ್ಲಿದೆ. ಅಭ್ಯರ್ಥಿಯ ಕೈಯಲ್ಲಿರುವುದು ಆ ಒಂದು ಪುಟ ಮಾತ್ರ. ಅದನ್ನಾದರೂ ಎರವಲು ತಾರದೆ ತಾನೇ ಬರೆಯುವುದು ಲೇಸು.