ನಾಯಿ ಕಂಡರೆ ಓಡಬೇಡ!

ಕುಮಟಾದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ತಡವಾಗಿ ಶಾಲೆಗೆ ಬರುತ್ತಿದ್ದಳು. ಕೇಳಿದರೆ ಮೌನ. ಕೊನೆಗೆ ತಾಯಿಯೇ ಬಂದು ಹೇಳಿದರು: "ಮಾಸ್ತರೇ, ಮೀನುಪೇಟೆ ತಿರುವಿನಲ್ಲಿ ನಾಯಿಗಳಿರ್ತವೆ. ಅದಕ್ಕೇ ಸುತ್ತು ಹಾಕಿ ಬರ್ತಾಳೆ." ಚಿಕ್ಕವಳಿದ್ದಾಗ ಉಣ್ಣದಿದ್ದರೆ "ನಾಯಿಗೆ ಹಿಡಿದು ಕೊಡ್ತೆ ನೋಡು" ಎಂದು ಹೆದರಿಸಿದ್ದು ತಾವೇ ಎಂದೂ ಒಪ್ಪಿಕೊಂಡರು. ನಮ್ಮ ಕಡೆ ಈ ಮಾತು ಕೇಳದೆ ಬೆಳೆದ ಮಕ್ಕಳೆಷ್ಟು? ನಾನೂ ಕೇಳಿದ್ದೇನೆ, ಆಡಿದ್ದೂ ಉಂಟು.

ಕಲಿತ ಭಯವನ್ನು ಬಿಡಿಸಲೂ ಬರುತ್ತದೆ. 1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಅವರು ಪೀಟರ್ ಎಂಬ ಪುಟ್ಟ ಬಾಲಕನ ವೃತ್ತಾಂತ ಪ್ರಕಟಿಸಿದರು. ಮೂರು ವರ್ಷವೂ ತುಂಬದ ಅವನಿಗೆ ಮೊಲವೆಂದರೆ ಹೆದರಿಕೆ. ಹೆದರದ ಮಕ್ಕಳ ಜೊತೆ ಆಡಲು ಬಿಟ್ಟಾಗ ಭಯ ಇಳಿಯುತ್ತ ಬಂತು. ಅಷ್ಟರಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ. ಮರಳಿ ಹೊರಡುವಾಗ ದೊಡ್ಡದೊಂದು ನಾಯಿ ಮೈಮೇಲೆ ಎಗರಿತು. ಜೊತೆಗಿದ್ದ ದಾದಿಯೂ ಬೆದರಿದಳು. ಮೊಲದ ಭಯ ಮೊದಲಿನಷ್ಟೇ ಆಗಿ ಮರಳಿತು! ಜೋನ್ಸ್ ಬಿಡಲಿಲ್ಲ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ತಿನ್ನುವುದಕ್ಕೆ ಅಡ್ಡಿಯಾಗದಷ್ಟೇ ಹತ್ತಿರ ತರುತ್ತ ಹೋದರು. ಕೊನೆಗೆ ಪೀಟರ್ ತಾನಾಗಿಯೇ ಮೊಲವನ್ನು ಮುದ್ದಿಸಿದ.

ನಮ್ಮ ಹುಡುಗಿಗೂ ಹಾಗೆಯೇ ಮಾಡಿದೆವು. ಪರಿಚಿತರ ಮನೆಯ, ಲಸಿಕೆ ಹಾಕಿಸಿದ, ಸಾಧು ಸ್ವಭಾವದ ನಾಯಿ; ಅದನ್ನು ಕಟ್ಟಿಹಾಕಿತ್ತು. ಮೊದಲ ದಿನ ಗೇಟಿನಾಚೆ ತಾಯಿಯ ಜೊತೆ ಕಡಲೆ ಮಿಠಾಯಿ ತಿನ್ನುತ್ತ ಕುಳಿತಳು, ಅಷ್ಟೆ. ಮುಂದಿನ ಹೆಜ್ಜೆ ಯಾವಾಗ ಎಂಬುದು ಅವಳದೇ ತೀರ್ಮಾನ. "ಏನೂ ಮಾಡೂದಿಲ್ಲ, ಮುಟ್ಟು" ಎಂದು ಕೈ ಹಿಡಿದು ಎಳೆಯುವ ಹಿರಿಯರಿದ್ದಾರಲ್ಲ, ಅವರನ್ನು ಮೊದಲು ಹೊರಗೆ ಕಳಿಸಬೇಕು!

ಬೀದಿನಾಯಿಯನ್ನು ಮುಟ್ಟುವ ಧೈರ್ಯ ಯಾರಿಗೂ ಬೇಡ. ಅದು ಎದುರಾದರೆ ಓಡಬಾರದು, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಕೈ ಇಳಿಬಿಟ್ಟು, ಅದರ ಕಣ್ಣನ್ನೇ ದಿಟ್ಟಿಸದೆ ಮರದಂತೆ ನಿಲ್ಲಬೇಕು. ತಿನ್ನುವ, ಮಲಗಿರುವ, ಮರಿ ಹಾಕಿದ ನಾಯಿಯ ಹತ್ತಿರ ಹೋಗಲೇಬಾರದು.

ಪಾಲಕರು ಬಿಡಿಸಬೇಕಾದ ಇನ್ನೊಂದು ಭಯವಿದೆ. ಹೊನ್ನಾವರದ ಹುಡುಗನೊಬ್ಬ ಕಾಲಿಗೆ ನಾಯಿ ಕಚ್ಚಿದ್ದನ್ನು ಮೂರು ದಿನ ಮುಚ್ಚಿಟ್ಟಿದ್ದ. ಕಾರಣ? ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂದು ಅಜ್ಜ ಹೇಳಿದ್ದರು. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಯಿತು. ಈಗ ಕೆಲವೇ ಚುಚ್ಚುಮದ್ದು, ಅದೂ ತೋಳಿಗೆ. ರಕ್ತ ಬಂದಿದ್ದರೆ ಗಾಯದ ಸುತ್ತ ಬೇರೊಂದು ಮದ್ದನ್ನೂ ಕೊಡುತ್ತಾರೆ. ಕಚ್ಚಲಿ, ಪರಚಲಿ, ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಬೇಡ. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವುದು ಬಹುತೇಕ ಅಸಾಧ್ಯ. ಆ ಹುಡುಗನ ಪುಣ್ಯ, ತಾಯಿ ಗಾಯ ಕಂಡರು, ಲಸಿಕೆ ಸಿಕ್ಕಿತು.

ಕುಮಟಾದ ಹುಡುಗಿ ಈಗ ಮೀನುಪೇಟೆ ದಾರಿಯಲ್ಲೇ ಬರುತ್ತಾಳೆ. ನಾಯಿಗಳು ಗುಂಪಾಗಿದ್ದರೆ ರಸ್ತೆಯ ಆಚೆ ಬದಿಗೆ ದಾಟುತ್ತಾಳೆ. ನಾನೂ ದಾಟುತ್ತೇನೆ.