ಸುಕೂನಿಗೆ ಅಂಕವಿಲ್ಲ

ವೃದ್ಧರ ಸುಖದುಃಖ ಅಳೆಯಲು ಹಲವೆಡೆ ಬಳಸುವ ಪಟ್ಟಿಯೊಂದಿದೆ, ‘ಪಾನಾಸ್’. 1988ರಲ್ಲಿ ಅಮೆರಿಕದ ವಾಟ್ಸನ್, ಕ್ಲಾರ್ಕ್, ಟೆಲೆಗನ್ ಎಂಬ ಮೂವರು ಮುಖ್ಯವಾಗಿ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ರೂಪಿಸಿದ್ದು. ಹತ್ತು ಒಳ್ಳೆಯ ಭಾವ, ಹತ್ತು ಕೆಟ್ಟ ಭಾವ; ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ.

ಒಳ್ಳೆಯದರಲ್ಲಿ ಉತ್ಸಾಹವಿದೆ, ಚಟುವಟಿಕೆಯಿದೆ, ಹೆಮ್ಮೆಯಿದೆ. ಉರ್ದುವಿನಲ್ಲಿ ಸುಕೂನ್ ಎನ್ನುತ್ತೇವಲ್ಲ, ಆ ನೆಮ್ಮದಿ ಇಲ್ಲ. ತೃಪ್ತಿಯೂ ಇಲ್ಲ. ಮಗ್ರಿಬ್ ಮುಗಿಸಿ ತಸ್ಬೀಹ್ ಹಿಡಿದು ಕೂತ ಎಪ್ಪತ್ತೈದರ ನಾನಿಯನ್ನು ‘ನಿಮಗೆ ಹೆಮ್ಮೆ ಎಷ್ಟು?’ ಎಂದು ಕೇಳಿ ನೋಡಿ. ‘ತೌಬಾ’ ಎಂದು ಕೆನ್ನೆ ಮುಟ್ಟಿಕೊಂಡಾರು. ಅಂಕ 1! ಕೆಟ್ಟದರಲ್ಲಿ ಪಾಪಪ್ರಜ್ಞೆಯಿದೆ. ತಹಜ್ಜುದ್‌ನಲ್ಲಿ ಅಲ್ಲಾಹನ ಮುಂದೆ ಕಣ್ಣೀರಿಟ್ಟು ಹಗುರಾಗುವವರಿಗೆ ಅಲ್ಲಿ 5. ನೆಮ್ಮದಿಯ ಹೆಂಗಸು ಕಾಗದದ ಮೇಲೆ ದುಃಖಿಯಾದರು.

ಹಾಗೆಂದು ಅಳೆಯುವುದೇ ಬೇಡ ಎನ್ನುವ ನಮ್ಮವರಿಗೂ ತಲೆದೂಗಲಾರೆವು. ‘ನಮ್ಮ ಅಮ್ಮಿಗೆ ಸಬ್ರ್ ಇದೆ’ ಎನ್ನುವ ಮಗನನ್ನು ಕೇಳಿ: ಅಮ್ಮಿ ರಾತ್ರಿ ನಿದ್ದೆ ಮಾಡುತ್ತಾರೆಯೇ? ಊಟ ಸೇರುತ್ತದೆಯೇ? ಅವನಿಗೆ ಗೊತ್ತಿಲ್ಲ. ಖಿನ್ನತೆಯೆಂದರೆ ಈಮಾನಿನ ಕೊರತೆ ಎಂದು ಬಾಯಿ ಮುಚ್ಚಿಸುವವರೂ ಇದ್ದಾರೆ. ಯಾಕೂಬ್ ನಬಿಯವರು ಮಗನ ಅಗಲಿಕೆಯ ದುಃಖದಲ್ಲಿ ಕಣ್ಣು ಕಳೆದುಕೊಂಡ ಕತೆಯನ್ನು ನಮಗೆ ಹೇಳಿದವರೂ ಇವರೇ ಅಲ್ಲವೇ? ನಬಿಯವರ ಈಮಾನು ಕಡಿಮೆಯಿತ್ತೇ?

ಸರಿಯಾಗಿ ಕೇಳಲು ಬರುತ್ತದೆ. 45 ದಾಟಿದವರು, ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಭಾರತೀಯರನ್ನು 2017-18ರಲ್ಲಿ ಮಾತಾಡಿಸಿದ ‘ಲಾಸಿ’ ಸಮೀಕ್ಷೆ ತೃಪ್ತಿಯನ್ನೂ ಒಂಟಿತನವನ್ನೂ ಕೇಳಿತ್ತು. ನಮಗೆ ಇನ್ನೂ ಎರಡು ಬೇಕು: ಕೇಳುವವರು ನಾನಿಯ ಮನೆಮಾತು ಬಲ್ಲವರಾಗಿರಲಿ, ಕೇಳುವಾಗ ಮಗ, ಸೊಸೆ ಬಾಗಿಲಲ್ಲಿ ನಿಂತಿರದಿರಲಿ.